ಸೈಡ್ ಚಕ್ರ ಬಿಚ್ಚಿದ ಮೇಲೆ ಮಗು ಬೀಳುತ್ತಿದೆಯೇ? ದೋಷ ಹುಡುಕುವ ಕೈಪಿಡಿ

ಸೈಡ್ ಚಕ್ರ ಬಿಚ್ಚಿದ ಮೇಲೆ ಮಗು ಸೈಕಲ್ ತುಳಿಯುತ್ತಿಲ್ಲ ಎಂದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು ಒಂದೇ: "ಇವನಿಗೆ ಭಯ ಜಾಸ್ತಿ." ಬನಶಂಕರಿ ಕಡೆಯ ನಮ್ಮ ಲೇಔಟ್‌ನಲ್ಲಿ ಬೇಸಿಗೆ ರಜೆ ಬಂದಾಗೆಲ್ಲ ಅಕ್ಕಪಕ್ಕದ ಮಕ್ಕಳಿಗೆ ಸೈಕಲ್ ಕಲಿಸುತ್ತೇನೆ. ಭಯವೇ ಮೂಲ ಕಾರಣ ಆಗಿದ್ದನ್ನು ನೋಡಿದ್ದು ಕಡಿಮೆ. ಭಯ ಬರುವುದು ಬಿದ್ದ ಮೇಲೆ. ಬೀಳುವುದಕ್ಕೆ ಕಾರಣ ಬೇರೆ ಎಲ್ಲೋ ಇರುತ್ತದೆ. ಅದನ್ನು ಹುಡುಕದೆ "ಧೈರ್ಯ ಮಾಡು, ಧೈರ್ಯ ಮಾಡು" ಎಂದು ಮಗುವಿನ ಬೆನ್ನು ಬೀಳುವುದು ಅನ್ಯಾಯ.

ಹುಡುಕುವ ಮೊದಲು ಒಂದು ವಿಷಯ ಗೊತ್ತಿರಬೇಕು. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲ್ ಎಡಕ್ಕೇ ತಿರುಗಬೇಕು. ಆಗ ಚಕ್ರಗಳು ಮತ್ತೆ ಮೈಯ ಕೆಳಗೆ ಬಂದು ಸೈಕಲ್ ನೆಟ್ಟಗಾಗುತ್ತದೆ. ಬಲಕ್ಕೂ ಅಷ್ಟೇ. ನಾವೆಲ್ಲ ಯೋಚಿಸದೆ ಇದನ್ನೇ ಮಾಡುತ್ತೇವೆ. ಅಲ್ಪಸ್ವಲ್ಪ ವಾಲುವುದು, ಅಲ್ಪಸ್ವಲ್ಪ ತಿರುಗಿಸುವುದು, ಬ್ಯಾಲೆನ್ಸ್ ಎಂದರೆ ಇಷ್ಟೇ. 2011ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಇದಕ್ಕಾಗಿಯೇ ಒಂದು ವಿಚಿತ್ರ ಸೈಕಲ್ ಕಟ್ಟಿ ತೋರಿಸಿದರು. ಚಕ್ರ ಗಿರ್ರನೆ ತಿರುಗುವುದರಿಂದ ಬರುವ ಬಲವನ್ನು ಅದರಲ್ಲಿ ರದ್ದು ಮಾಡಿದ್ದರು. ಮೇಲೆ ಸವಾರನೂ ಇಲ್ಲ. ಆದರೂ ತಳ್ಳಿ ಬಿಟ್ಟರೆ ನೆಟ್ಟಗೆ ಉರುಳುತ್ತಿತ್ತು. ಬೀಳಲು ಹೋದ ಕಡೆಗೇ ಅದರ ಹ್ಯಾಂಡಲ್ ತಾನಾಗಿ ತಿರುಗುತ್ತಿತ್ತು.

ಮಗು ಬೀಳುತ್ತಿದ್ದರೆ ಕೇಳಬೇಕಾದ ಪ್ರಶ್ನೆ ಇದು: ಹ್ಯಾಂಡಲ್ ತಿರುಗದಂತೆ ತಡೆಯುತ್ತಿರುವುದು ಯಾವುದು? ಕೆಲವೊಮ್ಮೆ ಸೈಕಲ್, ಕೆಲವೊಮ್ಮೆ ಮಗುವಿನ ಹಳೇ ಅಭ್ಯಾಸ. ಬಹಳ ಸಲ, ನಮ್ಮದೇ ಕೈ.

ಮೊದಲು ಸೈಕಲ್ ನೋಡಿ

ಮಗುವನ್ನು ಪಕ್ಕಕ್ಕೆ ನಿಲ್ಲಿಸಿ. ಸೀಟು ಮಾತ್ರ ಹಿಡಿದು ಸೈಕಲ್ಲನ್ನು ನಿಧಾನವಾಗಿ ಎಡಕ್ಕೆ ವಾಲಿಸಿ. ಮುಂದಿನ ಚಕ್ರ ತಾನಾಗಿ ಎಡಕ್ಕೆ ಹೊರಳಬೇಕು. ಬಲಕ್ಕೆ ವಾಲಿಸಿದರೆ ಬಲಕ್ಕೆ. ಹೊರಳದಿದ್ದರೆ, ಅಥವಾ ಮಧ್ಯದಲ್ಲಿ ಕಚ್ಚಿಕೊಂಡರೆ, ಹ್ಯಾಂಡಲ್ ಕೆಳಗಿನ ಬೇರಿಂಗ್ ಬಿಗಿಯಾಗಿದೆ ಎಂದು ಅರ್ಥ. ಹೊಸ ಸೈಕಲ್‌ಗಳಲ್ಲಿ ಇದು ಸಾಮಾನ್ಯ. ಪಂಕ್ಚರ್ ಅಂಗಡಿಯಲ್ಲಿ ಹೇಳಿದರೆ ನಟ್ಟು ಸ್ವಲ್ಪ ಸಡಿಲಿಸಿ ಗ್ರೀಸ್ ಹಾಕಿಕೊಡುತ್ತಾರೆ. ಆದರೆ ತೀರಾ ಸಡಿಲ ಆಗಬಾರದು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಎಂದರೆ ಜಾಸ್ತಿ ಸಡಿಲವಾಗಿದೆ.

ಆಮೇಲೆ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದಿರುವ ಕವಲು. ಡಬ್ಬಿಯಲ್ಲಿ ಬಂದು ಮನೆಯಲ್ಲೇ ಜೋಡಿಸಿದ ಸೈಕಲ್ ಆದರೆ ಇದನ್ನು ಬಿಡಲೇಬೇಡಿ. ನಮ್ಮ ಹಿಂದಿನ ರಸ್ತೆಯ ಹುಡುಗನೊಬ್ಬ ಪ್ರತಿ ತಿರುವಿನಲ್ಲೂ ಬೀಳುತ್ತಿದ್ದ. ಅವನ ಬಲಗಾಲಿನ ಚಪ್ಪಲಿ ನೋಡಿದೆ. ತುದಿ ಸವೆದು ಕಪ್ಪಾಗಿತ್ತು, ಟೈರ್ ಉಜ್ಜಿದ ಗುರುತು. ಬಗ್ಗಿ ನೋಡಿದರೆ ಮುಂದಿನ ಬ್ರೇಕ್ ಫೋರ್ಕ್‌ನ ಹಿಂಬದಿಯಲ್ಲಿತ್ತು. ಬ್ರೇಕ್ ವೈರ್ ಹ್ಯಾಂಡಲ್ ಕಂಬಕ್ಕೆ ಅರ್ಧ ಸುತ್ತು ಸುತ್ತಿಕೊಂಡಿತ್ತು. ಇಡೀ ಫೋರ್ಕ್ ಹಿಂದುಮುಂದು! ಫೋರ್ಕ್‌ನ ಕೆಳತುದಿ ಮುಂದಕ್ಕೆ ಬಾಗಿರಬೇಕು, ಬ್ರೇಕ್ ಮುಂಭಾಗದಲ್ಲಿ ಇರಬೇಕು. ತಿರುಗಿ ಕೂತರೆ ಚಕ್ರ ಪೆಡಲ್‌ಗೆ ಹತ್ತಿರ ಬಂದು ತಿರುವಿನಲ್ಲಿ ಕಾಲಿಗೆ ತಗಲುತ್ತದೆ, ಹ್ಯಾಂಡಲ್ ಕೂಡ ಜಡವಾಗುತ್ತದೆ. ವೈರ್ ಕಳಚಿ, ಫೋರ್ಕ್ ಸರಿಯಾಗಿ ತಿರುಗಿಸಿ, ಹ್ಯಾಂಡಲ್ ಮತ್ತೆ ಬಿಗಿ ಮಾಡಿದೆವು. ಆ ಸಂಜೆಯೇ ಅವನು ತಿರುವಿನಲ್ಲಿ ಬೀಳುವುದು ನಿಂತಿತು. ಅಷ್ಟು ದಿನ ಎಲ್ಲರೂ ಆ ಮಗುವನ್ನೇ ಬೈದಿದ್ದರು ಎಂದು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಸೈಡ್ ಚಕ್ರ ಬಿಚ್ಚಿದ ದಿನವೇ ಹುಟ್ಟುವ ಇನ್ನೊಂದು ದೋಷ ಇದೆ. ಅದರ ಕಂಬಿ ಹಿಂದಿನ ಚಕ್ರದ ಆಕ್ಸಲ್ ನಟ್ಟಿನಲ್ಲೇ ಸಿಕ್ಕಿರುತ್ತದೆ. ಬಿಚ್ಚಿ ಮತ್ತೆ ಬಿಗಿ ಮಾಡುವಾಗ ಚಕ್ರ ಸ್ವಲ್ಪ ಸೊಟ್ಟ ಕೂರಬಹುದು. ಹಿಂದಿನಿಂದ ನೋಡಿ, ಟೈರ್ ಎರಡೂ ಕಡೆಯ ಫ್ರೇಮ್ ಕಂಬಿಗಳಿಗೆ ಸಮ ದೂರದಲ್ಲಿ ಇರಬೇಕು. ಚೈನನ್ನು ಮಧ್ಯದಲ್ಲಿ ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಆಡಬೇಕು. ಜೋತು ಬಿದ್ದಿದ್ದರೆ ಮಗು ಜೋರಾಗಿ ತುಳಿದಾಗ ಕಳಚಿಕೊಳ್ಳುತ್ತದೆ. ತುಳಿದ ಕಾಲು ಖಾಲಿ ಹೋದ ತಕ್ಷಣ ಮಗು ಬೀಳುತ್ತದೆ.

ಗಾಳಿ: ಎಷ್ಟು ಹಿಡಿಯುತ್ತದೆ ಎಂದು ಟೈರಿನ ಪಕ್ಕದಲ್ಲೇ ಪಿಎಸ್‌ಐ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಕಡಿಮೆ ಗಾಳಿಯಲ್ಲಿ ಸೈಕಲ್ ಉರುಳುವುದಿಲ್ಲ, ಉರುಳದ ಸೈಕಲ್‌ನಲ್ಲಿ ಬ್ಯಾಲೆನ್ಸ್ ಬರುವುದಿಲ್ಲ.

ಸೈಜು ಮತ್ತು ಸೀಟು. "ಇನ್ನೂ ಬೆಳೆಯುತ್ತಾನೆ, ದೊಡ್ಡದೇ ಇರಲಿ" ಎಂದು ತಂದ 20 ಇಂಚಿನ ಸೈಕಲ್ ಮೇಲೆ ಐದು ವರ್ಷದ ಮಗು ಕಲಿಯುವುದು ತುಂಬಾ ಕಷ್ಟ. ಆ ವಯಸ್ಸಿಗೆ 14 ಅಥವಾ 16 ಇಂಚು ಸಾಕು. ನಮ್ಮಲ್ಲಿ ಸಿಗುವ ಸ್ಟೀಲ್ ಸೈಕಲ್‌ಗಳು 16 ಇಂಚಿನವೇ ಸುಮಾರು 10 ಕೆಜಿ ತೂಗುತ್ತವೆ. ಮಗುವಿನ ತೂಕದ ಅರ್ಧಕ್ಕಿಂತ ಜಾಸ್ತಿ! ಕಲಿಯುವಾಗ ಸೀಟು ಪೂರ್ತಿ ಇಳಿಸಿ. ಕೂತರೆ ಎರಡೂ ಪಾದ ನೆಲಕ್ಕೆ ಚಪ್ಪಟೆಯಾಗಿ ಊರಬೇಕು. ಹೆಬ್ಬೆರಳು ಮಾತ್ರ ತಾಗುತ್ತಿದ್ದರೆ ಸಾಲದು. ಪಾದ ಊರಬಹುದು ಎಂದು ಗೊತ್ತಿದ್ದ ಮಗು ಹ್ಯಾಂಡಲ್ ಬಿಗಿಯಾಗಿ ಹಿಡಿಯುವುದಿಲ್ಲ.

"ಕೈ ಬಿಟ್ಟ ತಕ್ಷಣ ಬೀಳುತ್ತಾಳೆ"

ಇದೇ ಎಲ್ಲಕ್ಕಿಂತ ದೊಡ್ಡ ದೂರು. ಅಪ್ಪ ಸೀಟು ಹಿಡಿದು ಬಗ್ಗಿ ಓಡುತ್ತಾರೆ, ಮಗು ತುಳಿಯುತ್ತದೆ, ಎಲ್ಲ ಚೆನ್ನಾಗಿದೆ. ಕೈ ಬಿಟ್ಟರೆ ಧೊಪ್. ಇಲ್ಲಿ ಮಗು ಬ್ಯಾಲೆನ್ಸ್ ಮಾಡುತ್ತಲೇ ಇರಲಿಲ್ಲ. ಮಾಡುತ್ತಿದ್ದದ್ದು ಅಪ್ಪನ ಕೈ. ಸೈಡ್ ಚಕ್ರ ತೆಗೆದರು, ಆ ಜಾಗಕ್ಕೆ ಕೈ ಬಂತು.

ನಿಮ್ಮ ಅಂಗೈಯಲ್ಲೇ ಪರೀಕ್ಷೆ ಮಾಡಬಹುದು. ಹಿಡಿದು ಓಡುವಾಗ ಅಂಗೈ ಮೇಲೆ ಭಾರ ಬೀಳುತ್ತಿದೆಯೇ? ಬೀಳುತ್ತಿದ್ದರೆ ಮಗು ನಿಮ್ಮ ಕೈಗೆ ಒರಗಿದೆ. ಹ್ಯಾಂಡಲ್ ಹಿಡಿಯುವುದಂತೂ ಇನ್ನೂ ಕೆಟ್ಟದ್ದು, ಏಕೆಂದರೆ ತಿರುಗಬೇಕಾದ ಭಾಗವನ್ನೇ ನೀವು ಕಟ್ಟಿಹಾಕಿದಂತೆ. ಹಿಡಿಯಲೇಬೇಕು ಎಂದರೆ ಸೈಕಲ್ ಬಿಟ್ಟು ಮಗುವನ್ನು ಹಿಡಿಯಿರಿ. ಹಿಂದೆ ನಿಂತು, ಎರಡೂ ಕಂಕುಳ ಕೆಳಗೆ ಬೆರಳು ಸೋಕುವಂತೆ ಇಟ್ಟರೆ ಸಾಕು. ವಾಲಲು ಬಿಡಿ. ಬೀಳುವ ಹೊತ್ತಿಗೆ ಮಾತ್ರ ಎತ್ತಿಕೊಳ್ಳಿ.

ಆದರೆ ನಿಜವಾದ ಪರಿಹಾರ ಪೆಡಲ್ ಬಿಚ್ಚುವುದು. ಹೌದು, ಎರಡೂ. 15 ನಂಬರ್ ಸ್ಪ್ಯಾನರ್ ಬೇಕು. ಎಡ ಪೆಡಲ್‌ನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ, ಅದಕ್ಕೇ ಬಹಳ ಜನ ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡುತ್ತಾರೆ. ಸ್ಪ್ಯಾನರ್‌ನ ಹಿಡಿ ಮೇಲಕ್ಕೆ ಬರುವಂತೆ ಕೂರಿಸಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಕಡೆಯ ಪೆಡಲ್ ಸಡಿಲವಾಗುತ್ತವೆ. ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಬಿಗಿಯಾಗುತ್ತವೆ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿ ಎರಡು ಹನಿ ಎಣ್ಣೆ ಬಿಟ್ಟಿರಿ.

ಈಗ ಮಗು ಸೀಟಿನ ಮೇಲೆ ಕೂತು ಕಾಲಿನಿಂದ ನೆಲ ತಳ್ಳುತ್ತಾ ನಡೆಯಲಿ. ಆಮೇಲೆ ಓಡಲಿ. ಆಮೇಲೆ ಎರಡು ಮೂರು ಸಲ ಜೋರಾಗಿ ತಳ್ಳಿ ಎರಡೂ ಕಾಲು ಎತ್ತಲಿ. "ಎತ್ತು!" ಎಂದು ನೀವು ಕೂಗಬೇಡಿ. ಕಾಲು ಯಾವಾಗ ಎತ್ತಬೇಕು ಎಂದು ಮಗುವಿಗೇ ಗೊತ್ತಾಗುತ್ತದೆ. ನಮ್ಮ ರಸ್ತೆಗಳಲ್ಲಿ ಅಳತೆಗೆ ಏನೂ ಕಷ್ಟ ಇಲ್ಲ, ಸಾಲಾಗಿ ಕಾರು ನಿಂತಿರುತ್ತವಲ್ವಾ. ಮೂರು ಕಾರಿನ ಉದ್ದ, ಅಂದರೆ ಹೆಚ್ಚು ಕಡಿಮೆ 12 ಮೀಟರ್, ಕಾಲು ಊರದೆ ಉರುಳಿ, ಕೊನೆಯಲ್ಲಿ ಸ್ವಲ್ಪ ತಿರುಗಲೂ ಬಂದರೆ ಪೆಡಲ್ ಹಾಕುವ ಸಮಯ ಬಂತು. ಕೆಲವು ಮಕ್ಕಳಿಗೆ ಒಂದೇ ಸಂಜೆ ಸಾಕು, ಕೆಲವರಿಗೆ ವಾರಗಳು ಬೇಕು. ಇಲ್ಲಿ ಆತುರ ಮಾಡಿದವರು ಮುಂದೆ ಎರಡರಷ್ಟು ಸಮಯ ಕೊಡಬೇಕಾಗುತ್ತದೆ.

ಅಜ್ಜಂದಿರು ಇದನ್ನು ನೋಡಿ "ಪೆಡಲ್ ಇಲ್ಲದೆ ಅದೆಂಥ ಸೈಕಲ್" ಎನ್ನುತ್ತಾರೆ. ಆದರೆ ಸೈಕಲ್ ಹುಟ್ಟಿದ್ದೇ ಪೆಡಲ್ ಇಲ್ಲದೆ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿದ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ತಳ್ಳಿಯೇ ಹೋಗಬೇಕಿತ್ತು. ಪೆಡಲ್ ಬಂದಿದ್ದು 1860ರ ದಶಕದಲ್ಲಿ, ಪ್ಯಾರಿಸ್‌ನಲ್ಲಿ. ಅಷ್ಟು ದೂರ ಯಾಕೆ, ಆ ಅಜ್ಜಂದಿರೇ ಕಲಿತದ್ದು ಹೇಗೆ? ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಸೀಟು ಎಟುಕದೆ, ಒಂದು ಕಾಲು ಪೆಡಲ್ ಮೇಲೆ ಇಟ್ಟು ಇನ್ನೊಂದು ಕಾಲಲ್ಲಿ ನೆಲ ತಳ್ಳುತ್ತಾ ಹೋದರು. ಹಾಗೆ ಉರುಳುವುದು ಬಂದ ಮೇಲೆಯೇ ಕಂಬಿಯೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದದ್ದು. ಬ್ಯಾಲೆನ್ಸ್ ಮೊದಲು, ತುಳಿಯುವುದು ಆಮೇಲೆ. ಆ ಕ್ರಮವೇ ಸರಿಯಾಗಿತ್ತು.

"ಯಾವಾಗಲೂ ಒಂದೇ ಕಡೆಗೆ ಬೀಳುತ್ತಾಳೆ"

ಒಂದೇ ಕಡೆಗೆ ಬಿದ್ದರೆ ನನಗೆ ಸಮಾಧಾನ. ಏಕೆಂದರೆ ಕಾರಣ ಬೇಗ ಸಿಗುತ್ತದೆ.

ಮೊದಲು ಹ್ಯಾಂಡಲ್ ಮುಂದಿನ ಚಕ್ರಕ್ಕೆ ಸರಿಯಾಗಿ ಅಡ್ಡವಾಗಿದೆಯೇ ನೋಡಿ. ಹಿಂದೆ ಬಿದ್ದಾಗ ಸೊಟ್ಟಗಾಗಿರಬಹುದು. ಮುಂದಿನ ಚಕ್ರವನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು, ಬೋಲ್ಟು ಸಡಿಲಿಸಿ, ಹ್ಯಾಂಡಲ್ ಸಮ ಮಾಡಿ ಬಿಗಿ ಮಾಡಿ. ರಸ್ತೆಯನ್ನೂ ನೋಡಿ. ಮಳೆನೀರು ಮೋರಿಗೆ ಹರಿಯಲಿ ಎಂದು ನಮ್ಮ ರಸ್ತೆಗಳು ಅಂಚಿನ ಕಡೆಗೆ ಇಳಿಜಾರಾಗಿರುತ್ತವೆ. ಅಂಚಿನಲ್ಲೇ ಕಲಿಸುತ್ತಿದ್ದರೆ ಸೈಕಲ್ ಮೋರಿ ಕಡೆಗೆ ಎಳೆಯುತ್ತದೆ.

ಇವೆರಡೂ ಸರಿ ಇದ್ದರೆ, ನೀವು ಯಾವ ಕಡೆ ನಿಲ್ಲುತ್ತೀರಿ ಎಂದು ನೋಡಿಕೊಳ್ಳಿ. ನಮ್ಮ ಎದುರು ಸಾಲಿನ ಹುಡುಗಿ ಸದಾ ಬಲಕ್ಕೆ ಬೀಳುತ್ತಿದ್ದಳು. ಅವಳ ಅಮ್ಮ ಸದಾ ಬಲಗಡೆ ಓಡುತ್ತಿದ್ದರು. ಅಮ್ಮ ಇರುವ ಕಡೆಗೆ ಭುಜ ಬಾಗುತ್ತಿತ್ತು, ಹ್ಯಾಂಡಲ್ ಮಾತ್ರ ನೆಟ್ಟಗೇ ಇರುತ್ತಿತ್ತು. ಅವಳ ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿ ಹಿಡಿತ. ಅಮ್ಮನನ್ನು ರಸ್ತೆಯ ಆ ತುದಿಗೆ ಕಳಿಸಿ, ಎದುರಿನಿಂದ ಕರೆಯಲು ಹೇಳಿದೆ. ತಲೆ ಎತ್ತಿತು, ಭುಜ ಸಮವಾಯಿತು, ಹಿಡಿತ ಸಡಿಲವಾಯಿತು.

ಸೈಡ್ ಚಕ್ರದಲ್ಲಿ ತುಂಬಾ ದಿನ ಓಡಿಸಿದ ಮಕ್ಕಳಲ್ಲಿ ಇನ್ನೊಂದು ಬಗೆ ಕಾಣುತ್ತದೆ. ಎರಡು ಸೈಡ್ ಚಕ್ರಗಳ ಎತ್ತರ ಸಮ ಇಲ್ಲದಿದ್ದರೆ ಮಗು ತಗ್ಗಿನ ಕಡೆಗೆ ಒರಗಿ ಕೂರುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಜೊತೆಗೆ ತಿರುವಿನಲ್ಲಿ ಮೈ ಹೊರಗೆ ಚಾಚುತ್ತದೆ. ಸೈಡ್ ಚಕ್ರ ಇದ್ದಾಗ ಅದು ಹೇಗೋ ನಡೆಯುತ್ತದೆ, ಎರಡು ಚಕ್ರದಲ್ಲಿ ನೇರ ಉಲ್ಟಾ. ಇದಕ್ಕೂ ಪೆಡಲ್ ಬಿಚ್ಚಿ ದೊಡ್ಡ ಸುತ್ತು ಹಾಕಿಸುವುದೇ ಮದ್ದು. ಬೀಳುವ ಕಡೆಗೂ, ಅದರ ಎದುರು ಕಡೆಗೂ.

"ಹ್ಯಾಂಡಲ್ ಅಲ್ಲಾಡುತ್ತೆ, ಹಾವಿನ ಹಾಗೆ ಹೋಗ್ತಾನೆ"

ಇದು ದೋಷವೇ ಅಲ್ಲ, ಮಗು ಕಲಿಯುತ್ತಿದೆ ಎಂಬ ಗುರುತು. ಹ್ಯಾಂಡಲ್ ವಾಲಿದ ಕಡೆಗೆ ತಿರುಗುತ್ತಿದೆ, ಅಳತೆ ಮಾತ್ರ ಇನ್ನೂ ಸಿಕ್ಕಿಲ್ಲ. ವೇಗ ಸ್ವಲ್ಪ ಹೆಚ್ಚಾದರೆ ಅಲ್ಲಾಟ ತಾನೇ ಕಡಿಮೆಯಾಗುತ್ತದೆ. ದೊಡ್ಡವರು ಬಿರಬಿರನೆ ನಡೆಯುವಷ್ಟು ವೇಗ ಇರಲಿ. "ನಿಧಾನ, ನಿಧಾನ" ಎನ್ನುವುದು ಇಲ್ಲಿ ತಪ್ಪು ಸಲಹೆ.

ಕಣ್ಣು ಎಲ್ಲಿದೆ ನೋಡಿ. ಮುಂದಿನ ಚಕ್ರವನ್ನೇ ನೋಡುವ ಮಗು ಅಲ್ಲಾಡುತ್ತದೆ. "ಮುಂದೆ ನೋಡು" ಎಂದರೆ ಮಕ್ಕಳಿಗೆ ಅರ್ಥವಾಗುವುದಿಲ್ಲ. ದೂರದಲ್ಲಿ ನಿಂತು ಬೆರಳು ತೋರಿಸಿ "ಎಷ್ಟು ಹೇಳು?" ಎಂದು ಕೇಳಿ. ಎಣಿಸಲು ತಲೆ ಎತ್ತಲೇಬೇಕು.

"ಉರುಳೋದು ಬಂತು, ಸ್ಟಾರ್ಟ್ ಮಾಡೋಕೆ ಬರಲ್ಲ"

ಪೆಡಲ್ ಹಾಕಿದ ಮೇಲೆ ಬರುವ ತೊಂದರೆ ಇದು. ಪೆಡಲ್ ಕೆಳಗಿದ್ದಾಗ ಎಷ್ಟು ಒತ್ತಿದರೂ ಸೈಕಲ್ ಮುಂದೆ ಹೋಗದು. ಬಲಗಡೆಯಿಂದ ನೋಡಿದಾಗ ಬಲ ಪೆಡಲ್ ಗಡಿಯಾರದ 2 ಗಂಟೆಯ ಜಾಗದಲ್ಲಿ ಇರಬೇಕು. ಪಾದದಿಂದ ಪೆಡಲ್ಲನ್ನು ಹಿಂದಕ್ಕೆ ತಿರುಗಿಸಿ ಆ ಜಾಗಕ್ಕೆ ತರುವುದನ್ನು ನಿಂತಲ್ಲೇ ಅಭ್ಯಾಸ ಮಾಡಿಸಿ. ಒಂದೇ ಜೋರು ತುಳಿತ, ಅದರ ಹಿಂದೆಯೇ ಇನ್ನೊಂದು ಕಾಲು. ಎಡಗಾಲು ಇಷ್ಟಪಡುವ ಮಕ್ಕಳೂ ಇರುತ್ತಾರೆ, ಬಲವಂತ ಬೇಡ.

ತುಂಬಾ ಸಣ್ಣ ಇಳಿಜಾರು ಸಿಕ್ಕರೆ ಈ ಹಂತ ಸುಲಭ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪ್ ಮಾತ್ರ ಖಂಡಿತ ಬೇಡ. ಅದು ತೀರಾ ಕಡಿದು, ಕೆಳಗಿನಿಂದ ಕಾರು ಬರುವುದೂ ಕಾಣುವುದಿಲ್ಲ.

"ನಿಲ್ಲಿಸೋದು ಬರಲ್ಲ, ಚಪ್ಪಲಿ ಎಳೀತಾನೆ"

ಮಗುವಿನ ಬೆರಳು ಬ್ರೇಕ್ ಹಿಡಿಗೆ ಎಟುಕುತ್ತದೆಯೇ? ಬೆರಳಿನ ಮೊದಲ ಗಂಟು ಹಿಡಿಯ ಮೇಲೆ ಕೂರಬೇಕು. ಎಟುಕದಿದ್ದರೆ ಬಹಳ ಹಿಡಿಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಹಿಡಿ ಹ್ಯಾಂಡಲ್ ಹತ್ತಿರ ಬರುತ್ತದೆ. ಬಿಗಿ ಇದ್ದರೆ ಬ್ರೇಕ್ ವೈರ್‌ಗೆ ಎಣ್ಣೆ ಬಿಡಿ. ನೀವು ಒಂದೇ ಬೆರಳಲ್ಲಿ ಒತ್ತಿ ನೋಡಿ. ನಿಮಗೇ ಗಟ್ಟಿ ಎನಿಸಿದರೆ ಮಗುವಿನಿಂದ ಆಗದು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್, ಎಡಗೈಯದು ಹಿಂದಿನದು. ಆದರೂ ನಿಮ್ಮ ಸೈಕಲ್‌ನಲ್ಲಿ ಒತ್ತಿ ನೋಡಿ ಖಚಿತ ಮಾಡಿಕೊಳ್ಳಿ, ಮೊದಲು ಹಿಂದಿನದನ್ನೇ ಕಲಿಸಿ. ಸೈಕಲ್ ತಳ್ಳಿಕೊಂಡು ನಡೆಯುವಾಗಲೇ "ಸ್ಟಾಪ್" ಎಂದಾಗ ಒತ್ತುವ ಆಟ ಆಡಿಸಿದರೆ ಬೇಗ ಬರುತ್ತದೆ. ನಿಲ್ಲಿಸಲು ಬಾರದ ಮಗುವಿಗೆ ವೇಗ ಕಲಿಸಬಾರದು, ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಜಾಗದ ದೋಷ

ಬೆಂಗಳೂರಿನಲ್ಲಿ ಅರ್ಧ ಸಮಸ್ಯೆ ಜಾಗದ್ದೇ. ಬಡಾವಣೆಯ ಪಾರ್ಕಿನ ಗೇಟಲ್ಲೇ ಸೈಕಲ್ ನಿಷೇಧ ಎಂಬ ಬೋರ್ಡ್. ರಸ್ತೆಯಲ್ಲಿ ಡೆಲಿವರಿ ಬೈಕ್‌ಗಳು, ಎರಡು ಮನೆಗೊಂದು ಹಂಪ್ಸ್. ಮಗು ಹಿಂದಿನಿಂದ ಬರುವ ಹಾರ್ನ್ ಕಡೆಗೆ ಗಮನ ಕೊಟ್ಟರೆ ಬ್ಯಾಲೆನ್ಸ್ ಕಡೆಗೆ ಕೊಡಲಾಗುವುದಿಲ್ಲ.

ನನ್ನ ಆಯ್ಕೆ, ಬೆಳಿಗ್ಗೆ ಏಳಕ್ಕೆ ಮೊದಲಿನ ಒಳರಸ್ತೆ, ಎರಡೂ ತುದಿಯಲ್ಲಿ ಒಬ್ಬೊಬ್ಬ ದೊಡ್ಡವರು ನಿಂತಿರಬೇಕು. ಭಾನುವಾರ ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಅಗಲವಾದ ಟಾರು, ಮರದ ನೆರಳು ಎರಡೂ ಸಿಗುತ್ತವೆ. ಜನ ಸೇರುವ ಮೊದಲೇ ಹೋಗಬೇಕು. ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಂಥ ಮಣ್ಣಿನ ನೆಲದಲ್ಲಿ ಬಿದ್ದರೆ ಗಾಯ ಕಡಿಮೆ, ಆದರೆ ಸಣ್ಣ ಚಕ್ರ ಉರುಳುವುದು ಕಷ್ಟ. ಹುಲ್ಲಿನಲ್ಲಿ ಇನ್ನೂ ಕಷ್ಟ. ಕಾಲೆತ್ತಿ ಉರುಳುವ ಹಂತಕ್ಕೆ ನುಣುಪು ಟಾರು ಅಥವಾ ಕಾಂಕ್ರೀಟೇ ಬೇಕು. ಬೇಸ್‌ಮೆಂಟ್ ನೆಲ ನುಣುಪಾಗಿದ್ದರೂ ಕಂಬಗಳಿವೆ, ಎಣ್ಣೆ ಸೋರಿದ ಕಲೆಗಳಿವೆ, ನೀರು ಹೋಗುವ ಜಾಲರಿಯ ಸಂದಿಗೆ ಸಣ್ಣ ಟೈರ್ ಸಿಕ್ಕಿಕೊಳ್ಳುತ್ತದೆ.

ಏಪ್ರಿಲ್ ಮೇನಲ್ಲಿ ಇನ್ನೊಂದನ್ನು ಗಮನಿಸಿ. ಸಂಜೆ ಗುಡುಗು ಮಳೆ ಬಂದು ಹೋದ ಮೇಲೆ ಹೊಂಗೆ ಹೂವು, ಗುಲ್‌ಮೊಹರ್ ಹೂವು ರಸ್ತೆಗೆ ಅಂಟಿಕೊಂಡಿರುತ್ತವೆ. ನೋಡಲು ಚೆಂದ, ಚಕ್ರಕ್ಕೆ ಜಾರು. ಗುಡಿಸಿ ಆಮೇಲೆ ಸೈಕಲ್ ಇಳಿಸಿ.

"ನಾನು ಹತ್ತಲ್ಲ" ಎಂದು ಹಟ ಹಿಡಿದರೆ

ನಿಲ್ಲಿಸಿಬಿಡಿ. ಅಂದೇ, ಅಲ್ಲೇ. ಹತ್ತಿಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಒಮ್ಮೆಗೆ ಬೇಡ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವುದು ಬೇಡವೇ ಬೇಡ. ನಾಲ್ಕಕ್ಕೆ ಕಲಿಯುವವರಿದ್ದಾರೆ, ಏಳಕ್ಕೆ ಕಲಿಯುವವರೂ ಇದ್ದಾರೆ, ಎರಡೂ ಸಹಜ. ಏಳೆಂಟು ವರ್ಷ ದಾಟಿಯೂ ಸೈಕಲ್ ಬರುತ್ತಿಲ್ಲ, ಜೊತೆಗೆ ಮೆಟ್ಟಿಲು ಇಳಿಯುವುದು, ಚೆಂಡು ಹಿಡಿಯುವುದು, ಗುಂಡಿ ಹಾಕಿಕೊಳ್ಳುವುದು ಕೂಡ ಕಷ್ಟ ಎಂದಾದರೆ ಮಕ್ಕಳ ಡಾಕ್ಟರ್ ಹತ್ತಿರ ಒಮ್ಮೆ ಮಾತಾಡಿ. ಅಂಥ ಮಕ್ಕಳಿಗೆ ಸಹಾಯ ಮಾಡುವ ಥೆರಪಿಸ್ಟ್‌ಗಳು ಇದ್ದಾರೆ.

ಬಿದ್ದು ಹೆದರಿದ ಮಗುವಿಗೆ ಹೆಲ್ಮೆಟ್ ಸರಿಯಾಗಿದ್ದರೆ ಧೈರ್ಯ ಬೇಗ ಬರುತ್ತದೆ. ಸ್ಕೂಟರ್ ಹೆಲ್ಮೆಟ್ ಭಾರ, ಸೈಕಲ್‌ನದ್ದೇ ತನ್ನಿ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂರಬೇಕು. ಪಟ್ಟಿ ಕಿವಿಯ ಕೆಳಗೆ ಸೇರಬೇಕು, ಗದ್ದದ ಕೆಳಗೆ ಒಂದೆರಡು ಬೆರಳು ಮಾತ್ರ ತೂರಬೇಕು. ಕಾಲಿಗೆ ಶೂ ಇರಲಿ, ಲೇಸು ಒಳಗೆ ಸೇರಿಸಿ.

ಬಂದ ಮೇಲೆ

ಮಗು ತಾನಾಗಿ ಹತ್ತಿ, ತುಳಿದು, ತಿರುಗಿ, ನಿಲ್ಲಿಸಿತು ಎಂದಾದ ಮೇಲೆ ಸೀಟನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಒಮ್ಮೆಗೆ ಅರ್ಧ ಇಂಚು ಸಾಕು. ಇಳಿಸಿದ ಸೀಟಿನಲ್ಲೇ ಬಿಟ್ಟರೆ ಮೊಣಕಾಲು ಎದೆಗೆ ಬಡಿದು ಬೇಗ ಸುಸ್ತಾಗುತ್ತದೆ. ಏರಿಸುವಾಗ ಸೀಟಿನ ಕಂಬದ ಮೇಲೆ ಕೆತ್ತಿರುವ ಗೆರೆ ಹೊರಗೆ ಕಾಣಬಾರದು. ಅದು ಕಂಡಿತು ಎಂದರೆ ಸೈಕಲ್ಲೇ ಚಿಕ್ಕದಾಗಿದೆ. ಹೊಸದಾಗಿ ಹಾಕಿದ ಪೆಡಲ್‌ಗಳನ್ನು ಒಂದು ವಾರದ ನಂತರ ಮತ್ತೆ ಸ್ಪ್ಯಾನರ್ ಹಿಡಿದು ಬಿಗಿ ಮಾಡಿ. ಸಡಿಲ ಬಿಟ್ಟರೆ ಮರೆ ಸವೆದು ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಳಾಗುತ್ತದೆ. ಹಿಂದಿನ ಚಕ್ರದ ನಟ್ಟುಗಳನ್ನೂ ಅದೇ ಹೊತ್ತಿಗೆ ನೋಡಿಬಿಡಿ.